ಹಕ್ಕಿಜ್ವರಕ್ಕೆ ನಿಜಕ್ಕೂ ಸೀಸನ್ ಇದೆಯಾ? ಹೊಸತೊಡಕಿನ ಬ್ಯಾಚ್ ಹಾಕೋದಾ, ಬೇಡ್ವಾ?

ಶೆಡ್ಡು ಮಂಜ, ಗೌರಿಬಿದನೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಬ್ರಾಯ್ಲರ್ ಶೆಡ್ಡು, ಕಂಪನಿ ಕಾಂಟ್ರಾಕ್ಟ್‌ನಲ್ಲಿ ಸಾಕುತ್ತೇವೆ. ಈ ಸಲ, 2026ರಲ್ಲಿ, ಯುಗಾದಿ ಮಾರ್ಚ್ 19ಕ್ಕೆ ಬಂದಿದೆ, ಮಾರನೇ ದಿನ ಬಾಡೂಟದ ಹೊಸತೊಡಕು. ರಂಜಾನ್ ಹಬ್ಬವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆ ವಾರ ಕೋಳಿ ಎತ್ತಬೇಕು ಅಂದ್ರೆ ಫೆಬ್ರವರಿ ಮೊದಲ ಎಂಟ್ಹತ್ತು ದಿನದೊಳಗೆ ಮರಿ ಇಳಿಯಬೇಕು. ಸೂಪರ್‌ವೈಸರ್ ಈಗಲೇ ಫೋನ್ ಮಾಡಿ ಶೆಡ್ಡು ರೆಡಿ ಇಟ್ಟುಕೊಳ್ಳಿ ಅಂತಿದ್ದಾರೆ.

ನನ್ನ ತಲೆನೋವು ಬೇರೆ. 2025ರಲ್ಲಿ ಇದೇ ಟೈಮಿಗೆ, ಫೆಬ್ರವರಿ ಕೊನೆಗೆ, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಹಕ್ಕಿಜ್ವರ ಬಂತು. ಆ ಕಡೆ ಬಳ್ಳಾರಿಯ ಸಂಡೂರಲ್ಲೂ ಬಂತು. ನಮ್ಮ ಶೆಡ್ಡಿಗೆ ರೋಗ ಬರಲಿಲ್ಲ. ಆದರೆ ಜನ ಹೆದರಿ ಕೋಳಿ ಬಿಟ್ಟರು, ರೇಟ್ ಬಿತ್ತು, ಲಿಫ್ಟಿಂಗ್ ಗಾಡಿ ಬರಲೇ ಇಲ್ಲ. ತೂಕ ಬಂದ ಕೋಳಿಗಳು ಸುಮ್ನೆ ಫೀಡ್ ತಿನ್ನುತ್ತಾ ಕೂತವು. ಎಫ್‌ಸಿಆರ್ (ಒಂದು ಕಿಲೋ ತೂಕಕ್ಕೆ ಎಷ್ಟು ಫೀಡ್ ತಿಂತು ಅನ್ನೋ ಲೆಕ್ಕ) ಕೆಟ್ಟಿತು, ಕಂಪನಿಯವರು ಸಾಕಾಣಿಕೆ ದುಡ್ಡಲ್ಲಿ ಹಿಡಿದುಕೊಂಡರು. ರೋಗ ಇಲ್ಲದೇನೇ ನಷ್ಟ.

ಪೇಪರ್‌ನವರು ಪ್ರತಿ ವರ್ಷ ಚಳಿಗಾಲ, ಚಳಿಗಾಲ ಅಂತ ಬರೀತಾರೆ. ಅಷ್ಟು ಸರಳಾನಾ ಇದು? ಸೀಸನ್ ನಿಜವಾಗಿದ್ರೆ, ಆ ಸೀಸನ್ನಿನ ನಟ್ಟನಡುವೆ ಶೆಡ್ಡು ತುಂಬಿಸಿ ಕೂರೋದು ದಡ್ಡತನ ಅಲ್ವಾ? ಗೊತ್ತಿರೋರು ಹೇಳಿ.

ಹೆಬ್ಬಾಳದ ಡಾಕ್ಟ್ರು

ಮಂಜಣ್ಣ, ಪಶುಪಾಲನೆ ಇಲಾಖೆಯಲ್ಲಿ ಇದ್ದು ರಿಟೈರ್ ಆದವನು ನಾನು. ಗೊತ್ತಿರೋದು ಹೇಳ್ತೀನಿ.

ಸೀಸನ್ ಇದೆ. ನಮ್ಮ ರಾಜ್ಯದ್ದೇ ನೋಡಿ. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಫಾರಂನಲ್ಲಿ ಟರ್ಕಿ ಕೋಳಿಗಳು ಸಾಯೋಕೆ ಶುರುವಾದವು. 2018ರ ಜನವರಿ ಮೊದಲ ವಾರ ಬೆಂಗಳೂರಿನ ದಾಸರಹಳ್ಳಿ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲು ಮತ್ತು ಹರಿಹರ ತಾಲ್ಲೂಕಿನ ಬನ್ನಿಕೋಡು. ಆಮೇಲೆ ನೀವು ಹೇಳಿದ 2025. ದೇಶದಲ್ಲಿ ಮೊದಲು ಸಿಕ್ಕಿದ್ದು 2006ರ ಫೆಬ್ರವರಿ, ಮಹಾರಾಷ್ಟ್ರದ ನವಾಪುರದಲ್ಲಿ. ಪಶ್ಚಿಮ ಬಂಗಾಳವನ್ನ ಅಲ್ಲಾಡಿಸಿದ್ದು 2008ರ ಜನವರಿ.

ಯಾಕೆ ಅಂದ್ರೆ, ವೈರಸ್‌ಗೆ ತಂಪು ಬೇಕು. ಕೋಳಿ ಹಿಕ್ಕೆಯಲ್ಲಿ 4 ಡಿಗ್ರಿ ಚಳಿಯಲ್ಲಿ ಅದು 35 ದಿನ ಬದುಕಬಲ್ಲದು. 37 ಡಿಗ್ರಿಯಲ್ಲಿ ಸುಮಾರು 6 ದಿನ. ನಮ್ಮಲ್ಲಿ 4 ಡಿಗ್ರಿ ಎಲ್ಲಿಂದ ಬರಬೇಕು, ಆದರೆ ಡಿಸೆಂಬರ್‌ನ ಒದ್ದೆ ಲಿಟ್ಟರ್ (ಶೆಡ್ಡಿನ ನೆಲಕ್ಕೆ ಹಾಸೋ ಹೊಟ್ಟು), ನೆರಳಲ್ಲಿರೋ ಕೆರೆಯಂಚಿನ ಕೆಸರು, ಇಷ್ಟು ಸಾಕು ಅದಕ್ಕೆ. ಅದೇ ತಿಂಗಳುಗಳಲ್ಲಿ ಉತ್ತರದಿಂದ ಬಾತುಗಳು ಬರ್ತವೆ. ಆ ವರ್ಷ ಹುಟ್ಟಿದ ಮರಿಗಳೂ ಅದರಲ್ಲಿರ್ತವೆ, ಅವಕ್ಕೆ ಈ ಸೋಂಕಿನ ಪರಿಚಯ ಇರಲ್ಲ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಚಳಿಗೆ ಶೆಡ್ಡಿನ ಪರದೆ ಪೂರ್ತಿ ಇಳಿಸ್ತೀರಿ. ಒಳಗೆ ಗಾಳಿ ಆಡಲ್ಲ, ಅಮೋನಿಯಾ ಕಣ್ಣಿಗೆ ಹೊಡೆಯುತ್ತೆ. ಕೋಳಿಯ ಶ್ವಾಸನಾಳ ಮೊದಲೇ ಕೆಟ್ಟಿರುತ್ತೆ. ಯಾವ ಸೋಂಕು ಬಂದ್ರೂ ಬಾಗಿಲು ತೆಗೆದೇ ಇರುತ್ತೆ.

ಬೀದರ್ ಮಂದಿ

ಡಾಕ್ಟ್ರೇ, ನಮ್ಮ ಜಿಲ್ಲೆ ಬಿಟ್ಟುಬಿಟ್ಟಿರಿ. ಹುಮನಾಬಾದ್ ತಾಲ್ಲೂಕಿನ ಮೋಳಕೇರಾದಾಗ ಹಕ್ಕಿಜ್ವರ ಬಂದಿದ್ದು 2016ರ ಮೇ ತಿಂಗಳು. ಲಕ್ಷಕ್ಕೂ ಜಾಸ್ತಿ ಕೋಳಿ ಇದ್ದ ಫಾರಂ ಅದು. ಮೇ ತಿಂಗಳ ಬಿಸಿಲು ನಮ್ಮ ಕಡೆ ಹೆಂಗಿರ್ತದ ಅಂತ ನಿಮಗೂ ಗೊತ್ತು. ಅಲ್ಲಿ ಯಾವ ಬಾತು ಬಂದಿತ್ತು, ಯಾವ ಚಳಿ ಇತ್ತು?

ಹೆಬ್ಬಾಳದ ಡಾಕ್ಟ್ರು

ಅದನ್ನೇ ಮುಂದೆ ಬರೆಯೋನಿದ್ದೆ, ನೀವೇ ತಂದಿರಿ, ಒಳ್ಳೇದಾಯ್ತು. ಚಳಿಗಾಲದಲ್ಲಿ ರೋಗ ಬರೋ ಸಾಧ್ಯತೆ ಜಾಸ್ತಿ. ಬೇಸಿಗೆಯಲ್ಲಿ ಬರಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಬಿಸಿಲು ಹೊರಗಡೆ ಬಿದ್ದಿರೋ ವೈರಸ್ಸನ್ನ ಕೊಲ್ಲುತ್ತೆ. ಕೋಳಿಯ ಮೈಯೊಳಗೆ ಸೇರಿಕೊಂಡದ್ದನ್ನ ಏನೂ ಮಾಡಲ್ಲ. ಒಂದೇ ಕಡೆ ಲಕ್ಷ ಕೋಳಿ ಇದ್ರೆ ಅದು ಕೋಳಿಯಿಂದ ಕೋಳಿಗೆ ಹೋಗ್ತಾ ಇರುತ್ತೆ, ಹೊರಗೆ 42 ಡಿಗ್ರಿ ಇದ್ದರೇನು.

ಕೇರಳದಲ್ಲಿ 2024ರಲ್ಲೂ ಹಾಗೇ ಆಯ್ತು. ಅಲ್ಲಿ ಕುಟ್ಟನಾಡಿನ ಬಾತುಕೋಳಿಗಳಿಗೆ ಮಾಮೂಲಾಗಿ ಅಕ್ಟೋಬರ್‌ನಿಂದ ಜನವರಿಯೊಳಗೆ ಬರ್ತಿತ್ತು. 2014ರಲ್ಲಿ ನವೆಂಬರ್, 2021ರಲ್ಲಿ ಜನವರಿ. 2024ರಲ್ಲಿ ಮಾತ್ರ ಏಪ್ರಿಲ್‌ನಲ್ಲಿ ಆಲಪ್ಪುಳದ ಎಡತ್ವಾ, ಚೆರುತನ ಕಡೆ ಶುರುವಾಗಿ ಮಳೆಗಾಲದವರೆಗೂ ಎಳೀತು. ಕಾಗೆಗಳೂ ಸತ್ತವು.

ಮೊಟ್ಟೆ ಗಾಡಿ, ಹೊಸಪೇಟೆ

ಬೇಸಿಗೆಯಲ್ಲಿ ಹೆಂಗೆ ಬರುತ್ತೆ ಅಂತ ನಾನು ಹೇಳ್ತೀನಿ. ನಾನು ಲೇಯರ್ ಫಾರಂಗಳಿಂದ ಮೊಟ್ಟೆ ತುಂಬಿಸಿಕೊಂಡು ಹೋಗೋನು. ರಟ್ಟಿನ ಟ್ರೇ ನೋಡಿದ್ದೀರಲ್ಲ? ಅಂಗಡಿಗೆ ಮೊಟ್ಟೆ ಇಳಿಸಿ ಖಾಲಿ ಟ್ರೇ ವಾಪಸ್ ತರ್ತೀವಿ. ಆ ಟ್ರೇ ಯಾವ ಫಾರಂದು ಅಂತ ಯಾರು ನೋಡ್ತಾರೆ? ಒಂದು ಕಡೆಯದ್ದು ಇನ್ನೊಂದು ಕಡೆ ಹೋಗುತ್ತೆ. ಹಿಕ್ಕೆ ಅಂಟಿರುತ್ತೆ, ಒಡೆದ ಮೊಟ್ಟೆ ಒಣಗಿ ಗರಿ ಕಚ್ಚಿಕೊಂಡಿರುತ್ತೆ. ರಟ್ಟನ್ನ ತೊಳೆಯೋಕೂ ಆಗಲ್ಲ. ಪ್ಲಾಸ್ಟಿಕ್ ಟ್ರೇ ಆದರೆ ಔಷಧಿ ನೀರಲ್ಲಿ ಅದ್ದಬಹುದು, ಆದರೆ ದುಬಾರಿ ಅಂತ ಯಾರೂ ತರಲ್ಲ.

ಗೇಟಲ್ಲಿ ಟೈರಿಗೆ ಔಷಧಿ ಹೊಡೆಯೋ ಫಾರಂಗಳು ಇವೆ. ಜನವರಿಯಲ್ಲಿ ಹೊಡೀತಾರೆ. ಟಿವಿಯಲ್ಲಿ ಸುದ್ದಿ ನಿಂತ ಮೇಲೆ ಡ್ರಮ್ಮು ಖಾಲಿ ಬಿದ್ದಿರುತ್ತೆ. ಸತ್ತ ಕೋಳಿ ಒಯ್ಯೋ ಗಾಡಿ, ಗೊಬ್ಬರದ ಟ್ರ್ಯಾಕ್ಟರ್, ಫೀಡ್ ಲಾರಿ, ಇವಕ್ಕೆಲ್ಲ ಯಾವ ಸೀಸನ್ನೂ ಇಲ್ಲ. ವರ್ಷಪೂರ್ತಿ ಓಡ್ತಾ ಇರ್ತವೆ.

ಕೆರೆ ಕಾಯೋನು, ಗದಗ

ಎಲ್ಲರೂ ವಲಸೆ ಹಕ್ಕಿ ಮೇಲೆ ಹಾಕೋದು ನೋಡಿ ಬೇಜಾರಾಗುತ್ತೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ವರ್ಷ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ. ಹಿಮಾಲಯ ದಾಟಿ ಬರೋ ಹಕ್ಕಿ ಅದು. ಹಗಲು ಕೆರೆಯಲ್ಲಿ ತೇಲಾಡಿಕೊಂಡಿದ್ದು, ಸಂಜೆ ಆದರೆ ಶೇಂಗಾ ಹೊಲಗಳ ಕಡೆ ಸಾಲುಗಟ್ಟಿ ಹಾರ್ತವೆ. ಬೆಳಗಾಗೋ ಹೊತ್ತಿಗೆ ವಾಪಸ್. ಊರಿನವರು ಕಲ್ಲು ಹೊಡೆಯಲ್ಲ, ಓಡಿಸಲ್ಲ. 2024ರಲ್ಲಿ ಕೆರೆಗೆ ರಾಮ್ಸಾರ್ ಪಟ್ಟವೂ ಸಿಕ್ಕಿತು, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಜಾಗ ಅಂತ.

ಹೌದು, ಇದೇ ಜಾತಿಯ ಹೆಬ್ಬಾತುಗಳು 2021ರ ಜನವರಿಯಲ್ಲಿ ಹಿಮಾಚಲದ ಪಾಂಗ್ ಜಲಾಶಯದಲ್ಲಿ ಸಾವಿರಗಟ್ಟಲೆ ಸತ್ತವು, ಎಚ್5ಎನ್1 ಅನ್ನೋ ಹಕ್ಕಿಜ್ವರದ ವೈರಸ್ ಅಂತ ಗೊತ್ತಾಯ್ತು. ಅದಕ್ಕೂ ಮುಂಚೆ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸತ್ತದ್ದು 2005ರ ಮೇ ತಿಂಗಳಲ್ಲಿ, ಅವು ಮರಿ ಮಾಡೋ ಕಾಲ ಅದು. ಅಂದ್ರೆ ಹೆಬ್ಬಾತುಗಳ ಲೆಕ್ಕದಲ್ಲಿ ಚಳಿಗಾಲ ನಮ್ಮಲ್ಲಿ, ಬೇಸಿಗೆ ಅಲ್ಲಿ. ಎರಡು ಕಡೆಯೂ ರೋಗ ಕಂಡಿದೆ. ಆದರೆ ಈ ಎಚ್5ಎನ್1 ತಳಿ ಹುಟ್ಟಿದ್ದು ಕಾಡು ಹಕ್ಕಿಯಲ್ಲಿ ಅಲ್ಲ ಸ್ವಾಮಿ. 1996ರಲ್ಲಿ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಸಾಕಿದ ಹೆಬ್ಬಾತುಗಳಲ್ಲಿ ಮೊದಲು ಸಿಕ್ಕಿದ್ದು. ನಾವು ಅವಕ್ಕೆ ಕೊಟ್ಟೆವು, ಅವು ನಮಗೆ ವಾಪಸ್ ಕೊಡ್ತಿವೆ.

ಇನ್ನೊಂದು ಮಾತು. ಹಕ್ಕಿ ಸತ್ತ ತಕ್ಷಣ ಹಕ್ಕಿಜ್ವರ ಅಂತ ಬೊಬ್ಬೆ ಹಾಕಬೇಡಿ. ಕೊಕ್ಕರೆಬೆಳ್ಳೂರಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತಾಗ ಎಲ್ಲರೂ ಹಾಗೇ ಅಂದುಕೊಂಡಿದ್ದರು. ಪರೀಕ್ಷೆ ಮಾಡಿದ್ರೆ ಹೊಟ್ಟೆ ತುಂಬ ಜಂತುಹುಳು.

ಪುತ್ತೂರು ಕಿಟ್ಟಣ್ಣ

ನಮ್ಮ ಕಡೆ ದೀಪಾವಳಿ ಕಳೆದರೆ ಕೋಳಿ ಅಂಕ, ಅಂದ್ರೆ ಹುಂಜಗಳ ಕಾಳಗ, ಶುರು. ಮೇ ತನಕ ಅಲ್ಲಿ ಇಲ್ಲಿ ನಡೀತಾನೇ ಇರುತ್ತೆ, ಪೊಲೀಸರು ಬಂದರೂ, ಬರದಿದ್ದರೂ. ಹುಂಜವನ್ನ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಲ್ಲಿ ಬರೋರು ಇದ್ದಾರೆ. ಗಾಯ ಆದರೆ ಬಾಯಲ್ಲೇ ರಕ್ತ ಹೀರಿ ಉಗುಳೋರೂ ಇದ್ದಾರೆ, ನಾನು ಕಣ್ಣಾರೆ ನೋಡಿದ್ದು. ಸೋತ ಕೋಳಿ ಗೆದ್ದವನ ಮನೆಗೆ ಸಾರಿಗೆ.

2025ರಲ್ಲಿ ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ ಫೆಬ್ರವರಿಗೆ ರೋಗ ಸಿಡಿಯಿತು. ಅದಕ್ಕೆ ಒಂದು ತಿಂಗಳ ಹಿಂದೆ ಸಂಕ್ರಾಂತಿ, ಅಲ್ಲಿ ಕೋಳಿ ಪಂದ್ಯದ ದೊಡ್ಡ ಜಾತ್ರೆ. ಅದರಿಂದಲೇ ಬಂತು ಅಂತ ನಾನು ಹೇಳಲ್ಲ. ಆದರೆ ಚಳಿಗಾಲದ ರೋಗ ಅಂದಾಗ ಚಳಿ ಎಷ್ಟು, ನಮ್ಮ ಹಬ್ಬ ಎಷ್ಟು ಅಂತ ಬಿಡಿಸಿ ನೋಡಬೇಕಲ್ಲ?

ಸುಧಾ, ಮಿನಿಯಾಪೊಲಿಸ್

ಕಿಟ್ಟಣ್ಣ, ನಿಮ್ಮ ಪ್ರಶ್ನೆಗೆ ಇಲ್ಲಿಂದ ಒಂದು ಉತ್ತರ ಇದೆ. ಮಿನೆಸೋಟಾ ಅಮೆರಿಕದಲ್ಲೇ ಜಾಸ್ತಿ ಟರ್ಕಿ ಸಾಕೋ ರಾಜ್ಯ. ಇಲ್ಲಿ ಕೊರೆಯೋ ಚಳಿಗಾಲದಲ್ಲಿ ಕೆರೆಗಳೆಲ್ಲ ಹೆಪ್ಪುಗಟ್ಟಿರ್ತವೆ, ಬಾತುಗಳು ದಕ್ಷಿಣಕ್ಕೆ ಹೋಗಿರ್ತವೆ. ರೋಗ ಜೋರಾಗೋದು ಅವು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. 2015ರ ವಸಂತದಲ್ಲಿ ಈ ರಾಜ್ಯ ಒಂದರಲ್ಲೇ ಸುಮಾರು 90 ಲಕ್ಷ ಕೋಳಿ, ಟರ್ಕಿ ಹೋದವು. ಜುಲೈ ಹೊತ್ತಿಗೆ ತಣ್ಣಗಾಗುತ್ತೆ. ಹಾಗಾಗಿ ಬರೀ ಚಳಿ ಅಂದ್ರೆ ಸಾಲದು.

ಆ ನಿಯಮವೂ ಈಗ ಮುರಿದಿದೆ. 2024ರ ಮಾರ್ಚ್‌ನಲ್ಲಿ ಟೆಕ್ಸಾಸ್ ಕಡೆಯ ಹಾಲಿನ ಹಸುಗಳಲ್ಲಿ ಎಚ್5ಎನ್1 ಸಿಕ್ಕಿತು. ಅದು ಹಾಲು ಕರೆಯೋ ಯಂತ್ರದ ಮೂಲಕ ಹಸುವಿಂದ ಹಸುವಿಗೆ ಹೋಗುತ್ತೆ, ವಲಸೆಗೂ ಅದಕ್ಕೂ ಸಂಬಂಧ ಇಲ್ಲ. ಕೊಲೊರಾಡೋದಲ್ಲಿ 2024ರ ಜುಲೈ ಸೆಕೆಯಲ್ಲೇ ಕೋಳಿ ಕೊಲ್ಲೋ ಕೆಲಸಕ್ಕೆ ಹೋದವರಿಗೆ ಅಂಟಿತು. ಶೆಡ್ಡಿನ ಒಳಗೆ ವಿಪರೀತ ಬಿಸಿ, ದೊಡ್ಡ ಫ್ಯಾನ್ ಗಾಳಿ, ಮಾಸ್ಕು ಮುಖದ ಮೇಲೆ ನಿಲ್ಲಲಿಲ್ಲ. 2025ರ ಮಾರ್ಚ್‌ನಲ್ಲಿ ಡಜನ್ ಮೊಟ್ಟೆಗೆ ಸರಾಸರಿ 6 ಡಾಲರ್ ದಾಟಿತ್ತು. ಮನೆಯಲ್ಲಿ ಎಗ್ ಬುರ್ಜಿ ಮಾಡೋಕೂ ಯೋಚನೆ ಮಾಡ್ತಿದ್ವಿ.

ದಾವಣಗೆರೆ ಸಿಸ್ಟರ್

ಕೋಳಿ ಮಾತಾಯ್ತು, ಮನುಷ್ಯರ ಮಾತು ಯಾರೂ ಎತ್ತಲಿಲ್ಲ. ಮನುಷ್ಯರಿಗೆ ಬರೋದು ಹವಾಮಾನ ನೋಡಿಕೊಂಡಲ್ಲ. ಕೋಳಿಯನ್ನ ಯಾರು, ಯಾವಾಗ, ಹೇಗೆ ಮುಟ್ಟುತ್ತಾರೆ ಅನ್ನೋದರ ಮೇಲೆ.

ಚೀನಾದ ಎಚ್7ಎನ್9 ನೋಡಿ, ಅದು ಹಕ್ಕಿಜ್ವರದ ಇನ್ನೊಂದು ವೈರಸ್. 2013ರಿಂದ 2017ರವರೆಗೆ ಐದು ಅಲೆ. ಪ್ರತಿ ಚಳಿಗಾಲ ಏರೋದು, ಬೇಸಿಗೆಗೆ ಇಳಿಯೋದು. ಒಟ್ಟು 1,500ಕ್ಕೂ ಜಾಸ್ತಿ ಜನಕ್ಕೆ ಬಂತು, 600ಕ್ಕೂ ಜಾಸ್ತಿ ಸತ್ತರು. ಅದರಲ್ಲಿ ಅರ್ಧದಷ್ಟು ಐದನೇ ಅಲೆಯೊಂದರಲ್ಲೇ. ಮಜಾ ಅಂದ್ರೆ, ಆ ವೈರಸ್ ಮೊದಮೊದಲು ಕೋಳಿಗಳನ್ನ ಕೊಲ್ಲುತ್ತಲೇ ಇರಲಿಲ್ಲ. ಕೋಳಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುತ್ತೆ, ಜೀವಂತ ಕೋಳಿ ಮಾರುವ ಸಂತೆಗೆ ಹೋದ ಅಜ್ಜ ಐಸಿಯು ಸೇರುತ್ತಾನೆ. ಹೊಸ ವರ್ಷದ ಹಬ್ಬಕ್ಕೆ ಸಂತೆ ತುಂಬಿ ತುಳುಕುತ್ತೆ. 2017ರಲ್ಲಿ ಕೋಳಿಗಳಿಗೆ ಲಸಿಕೆ ಹಾಕೋಕೆ ಶುರು ಮಾಡಿದ್ದೇ, ಮುಂದಿನ ಚಳಿಗಾಲದ ಅಲೆ ಏಳಲೇ ಇಲ್ಲ. ಚಳಿ ಅಲ್ಲೇ ಇತ್ತು, ಹಬ್ಬವೂ ಇತ್ತು.

ಇನ್ನು ಎಚ್5ಎನ್1. ಈಜಿಪ್ಟ್‌ನಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಜಾಸ್ತಿ ಬರ್ತಿತ್ತು. ಅಲ್ಲಿ ಮನೆಯ ಮಾಳಿಗೆ ಮೇಲೆ ಕೋಳಿ ಸಾಕ್ತಾರೆ, ನೋಡಿಕೊಳ್ಳೋದು, ಕೊಯ್ಯೋದು ಹೆಂಗಸರು. ಅವರಿಗೆ, ಮಕ್ಕಳಿಗೆ ಜಾಸ್ತಿ ಅಂಟಿತು. ಕಾಂಬೋಡಿಯಾದಲ್ಲಿ 2025ರ ಜೂನ್ ಒಂದೇ ತಿಂಗಳಲ್ಲಿ 7 ಜನಕ್ಕೆ ಬಂತು, ಅದು ಮಳೆಗಾಲ. ಹಳ್ಳಿಗಳಲ್ಲಿ ಕಾಯಿಲೆ ಬಿದ್ದ ಕೋಳಿಯನ್ನ ಬಿಸಾಕೋಕೆ ಮನಸ್ಸು ಬರಲ್ಲ, ಕೊಯ್ದು ಸಾರು ಮಾಡ್ತಾರೆ. ಬಡವರ ಲೆಕ್ಕ ಅದು, ಬೈಯೋಕಾಗಲ್ಲ.

ನಮ್ಮ ದೇಶದಲ್ಲಿ ಎಚ್5ಎನ್1ನಿಂದ ಮೊದಲು ಸತ್ತದ್ದು ಹರಿಯಾಣದ ಒಬ್ಬ ಹುಡುಗ, ದೆಹಲಿಯ ಏಮ್ಸ್‌ನಲ್ಲಿ, 2021ರ ಜುಲೈ. 2025ರ ಮಾರ್ಚ್‌ನಲ್ಲಿ ಆಂಧ್ರದ ನರಸರಾವ್‌ಪೇಟೆಯ ಎರಡು ವರ್ಷದ ಮಗು. ಹಸಿ ಕೋಳಿ ತುಂಡು ಬಾಯಿಗೆ ಹಾಕಿಕೊಂಡಿತ್ತು ಅಂತ ವರದಿಯಾಗಿತ್ತು. ಒಂದು ಜುಲೈ, ಒಂದು ಮಾರ್ಚ್. ಇದರಿಂದ ಯಾವ ಸೀಸನ್ ಹೇಳೋದು? ಜಗತ್ತಿನಲ್ಲಿ 2003ರಿಂದ ಈಚೆಗೆ ಎಚ್5ಎನ್1 ಮನುಷ್ಯರಲ್ಲಿ ಪತ್ತೆಯಾದದ್ದು ಸಾವಿರದ ಹತ್ತಿರ, ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತಿದ್ದಾರೆ. ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡೋದನ್ನ ಇನ್ನೂ ಕಲಿತಿಲ್ಲ, ಅದೇ ಪುಣ್ಯ.

ಶೆಡ್ಡಿನಲ್ಲಿ ಕೆಲಸ ಮಾಡೋರಿಗೆ ಒಂದು ವಿನಂತಿ. ನಮ್ಮ ಮಾಮೂಲಿ ಫ್ಲೂ ಮಳೆಗಾಲದಲ್ಲಿ ಒಂದು ಸಲ, ಜನವರಿಯಿಂದ ಮಾರ್ಚ್‌ಗೆ ಇನ್ನೊಂದು ಸಲ ಏರುತ್ತೆ. ಎರಡನೆಯದು ಹಕ್ಕಿಜ್ವರದ ತಿಂಗಳುಗಳ ಮೇಲೇ ಬೀಳುತ್ತೆ. ಒಬ್ಬನ ಮೈಯಲ್ಲಿ ಎರಡೂ ಒಟ್ಟಿಗೆ ಸೇರಿದರೆ ವೈರಸ್‌ಗಳು ಜೀನ್ ಅದಲುಬದಲು ಮಾಡಿಕೊಳ್ಳಬಹುದು. ಫ್ಲೂ ಲಸಿಕೆ ಹಾಕಿಸಿಕೊಂಡರೆ ಹಕ್ಕಿಜ್ವರ ತಡೆಯಲ್ಲ, ಆದರೆ ಈ ಬೆರಕೆಯ ಅಪಾಯ ಕಡಿಮೆ ಮಾಡುತ್ತೆ. ಕೋಳಿ ಮುಟ್ಟಿದ ಮೇಲೆ ಕಣ್ಣು ಕೆಂಪಾಗಿ ಜ್ವರ ಬಂದ್ರೆ, ಡಾಕ್ಟರ ಹತ್ತಿರ ಮೊದಲು ಹೇಳಬೇಕಾದ ಮಾತು "ನಾನು ಕೋಳಿ ಫಾರಂನಲ್ಲಿ ಕೆಲಸ ಮಾಡ್ತೀನಿ" ಅಂತ. ಯಾರೂ ಹೇಳಲ್ಲ. ನಾವೂ ಕೇಳೋದು ಮರೀತೀವಿ.

ಮುದ್ದೆ ಪ್ರಿಯ, ಚನ್ನಪಟ್ಟಣ

ಸಿಸ್ಟರ್, ಹೆದರಿಸಬೇಡಿ. ಹೊಸತೊಡಕಿಗೆ ನಾಟಿಕೋಳಿ ಸಾರು ತಿನ್ನಬಹುದಾ ಇಲ್ವಾ, ಅಷ್ಟು ಹೇಳಿ.

ದಾವಣಗೆರೆ ಸಿಸ್ಟರ್

ತಿನ್ನಿ ಅಣ್ಣ. 70 ಡಿಗ್ರಿ ದಾಟಿ ಒಳಗಿನವರೆಗೂ ಬೆಂದರೆ ವೈರಸ್ ಸಾಯುತ್ತೆ, ನಮ್ಮ ಸಾರು ಅದಕ್ಕಿಂತ ಎಷ್ಟೋ ಜಾಸ್ತಿ ಕುದಿಯುತ್ತೆ. ನನಗೆ ಹೆದರಿಕೆ ಇರೋದು ಒಲೆ ಮೇಲೆ ಇಡೋ ಮುಂಚಿನ ಕೆಲಸ. ಸಂತೆಯಿಂದ ಜೀವಂತ ತಂದು, ಹಿತ್ತಲಲ್ಲಿ ಕೊಯ್ದು, ಬಿಸಿನೀರಲ್ಲಿ ಅದ್ದಿ ಪುಕ್ಕ ಕೀಳ್ತೀರಲ್ಲ, ಅಲ್ಲಿ. ಮಕ್ಕಳನ್ನ ಸುತ್ತ ಕೂರಿಸಿಕೊಳ್ಳಬೇಡಿ. ಆ ಚಾಕುವಿನಲ್ಲೇ ಸೌತೆಕಾಯಿ ಹೆಚ್ಚಬೇಡಿ. ಹಾಫ್ ಬಾಯ್ಲ್ ಮಾತ್ರ ಈ ಎರಡು ತಿಂಗಳು ಬಿಡಿ.

ಶೆಡ್ಡು ಮಂಜ, ಗೌರಿಬಿದನೂರು

ಎಲ್ಲರಿಗೂ ಥ್ಯಾಂಕ್ಸ್. ಓದ್ತಾ ಓದ್ತಾ ನನಗೆ ಅನ್ನಿಸಿದ್ದು, ಮಾರ್ಕೆಟ್ಟಿನ ಸೀಸನ್ನೂ ರೋಗದ ಸೀಸನ್ನೂ ಒಂದೇ. ಶ್ರಾವಣದಲ್ಲಿ ಜನ ಕೋಳಿ ತಿನ್ನಲ್ಲ, ಶೆಡ್ಡುಗಳು ಅರ್ಧ ಖಾಲಿ ಇರ್ತವೆ, ಆಗ ರೋಗವೂ ಕಡಿಮೆ. ಹೊಸ ವರ್ಷ, ಸಂಕ್ರಾಂತಿ ಮುಗಿದು ಹೊಸತೊಡಕಿನವರೆಗೆ ಊರೂರಲ್ಲೂ ಶೆಡ್ಡು ಭರ್ತಿ. 2020ರಲ್ಲಿ ಮೈಸೂರಲ್ಲಿ ರೋಗ ಬಂದದ್ದೂ ಯುಗಾದಿಗೆ ಮುಂಚೆಯೇ. ಆ ವರ್ಷ ಹಬ್ಬದ ದಿನವೇ ಲಾಕ್‌ಡೌನ್ ಶುರು. ಎಷ್ಟೋ ಜನ ಮರಿ ಜೀವಂತ ಹೂತದ್ದು ನೆನಪಿದೆ.

ಸೂಪರ್‌ವೈಸರ್‌ಗೆ ಹೇಳಿದೆ, ಎರಡು ವಾರ ಬಿಟ್ಟು ಮರಿ ಹಾಕೋಣ ಅಂತ. ಆಗಲ್ಲ ಅಂದ್ರು. ಬೇಡ ಅಂದ್ರೆ ಮುಂದಿನ ಬ್ಯಾಚ್ ಯಾವಾಗ ಕೊಡ್ತಾರೋ ಗೊತ್ತಿಲ್ಲ. ಬ್ಯಾಂಕಿನ ಕಂತು ಕಾಯಲ್ಲ. ಹಾಗಾಗಿ ಹಾಕ್ತಾ ಇದ್ದೀನಿ. ಈಗ ಪ್ರಶ್ನೆ ಏನಂದ್ರೆ, ಅಕಸ್ಮಾತ್ ಬಂದರೆ ಪರಿಹಾರ ಯಾರಿಗೆ? ಮರಿ, ಫೀಡ್ ಕಂಪನಿಯದು. ಶೆಡ್ಡು, ಕರೆಂಟು, ಕೂಲಿ ನಂದು.

ಹೆಬ್ಬಾಳದ ಡಾಕ್ಟ್ರು

ಅದು ಕಾಂಟ್ರಾಕ್ಟ್‌ನಲ್ಲಿ ಏನು ಬರೆದಿದೆ ಅನ್ನೋದರ ಮೇಲಿದೆ, ಸಹಿ ಹಾಕೋ ಮುಂಚೆ ಓದಿಸಿಕೊಳ್ಳಿ. ಒಂದಂತೂ ನೆನಪಿಟ್ಟುಕೊಳ್ಳಿ. ಸರ್ಕಾರದ ಪರಿಹಾರ ಸಿಗೋದು ಇಲಾಖೆಯವರು ಬಂದು ಕೊಂದ ಜೀವಂತ ಕೋಳಿಗೆ. ಅವರು ಬರೋ ಮುಂಚೆ ತಾನಾಗೇ ಸತ್ತದ್ದಕ್ಕೆ ಇಲ್ಲ. ಸುಮ್ನೆ ಕಾದಷ್ಟೂ ನಿಮಗೇ ನಷ್ಟ. ಮುಚ್ಚಿಟ್ಟವರು ಹೀಗೇ ಕಳಕೊಂಡಿದ್ದಾರೆ.

ರೋಗ ಖಚಿತವಾದರೆ ಸುತ್ತ 1 ಕಿಲೋಮೀಟರ್‌ನಲ್ಲಿ ಎಲ್ಲ ಕೋಳಿ ಕೊಲ್ಲುತ್ತಾರೆ, 10 ಕಿಲೋಮೀಟರ್‌ವರೆಗೆ ನಿಗಾ ಇಡ್ತಾರೆ. ಪಕ್ಕದವನ ನಾಲ್ಕು ನಾಟಿಕೋಳಿಯೂ ಆ ಲೆಕ್ಕಕ್ಕೇ ಬರುತ್ತೆ, ಹಾಗಾಗಿ ಊರಿನವರ ಜೊತೆ ಈಗಲೇ ಮಾತಾಡಿ ಇಟ್ಟುಕೊಳ್ಳಿ. ಖಚಿತ ಮಾಡೋದು ಭೋಪಾಲದ ಲ್ಯಾಬು.

ಬೀದರ್ ಮಂದಿ

ಕೊಕ್ಕರೆ ರೋಗಕ್ಕೂ (ರಾಣಿಖೇತ್) ಹಕ್ಕಿಜ್ವರಕ್ಕೂ ಫರಕ್ ಹೆಂಗ ಗೊತ್ತಾಗೋದು ಡಾಕ್ಟ್ರೇ? ನಮ್ಮ ಕಡೆ ಕೋಳಿ ಸತ್ತರ ಎಲ್ಲಾರೂ ಕೊಕ್ಕರೆ ರೋಗ ಅಂತಾರ, ಮುಗೀತು.

ಹೆಬ್ಬಾಳದ ಡಾಕ್ಟ್ರು

ಕಣ್ಣಲ್ಲಿ ನೋಡಿ ಹೇಳೋಕೆ ನನಗೂ ಆಗಲ್ಲ. ಎರಡರಲ್ಲೂ ದಿಢೀರ್ ಸಾವು ಇದೆ. ಜುಟ್ಟು ನೀಲಿಗಟ್ಟೋದು, ತಲೆ ಊದಿಕೊಳ್ಳೋದು, ಕಾಲಿನ ಮೇಲೆ ರಕ್ತದ ಕಲೆ ಕಂಡರೆ ಹಕ್ಕಿಜ್ವರದ ಅನುಮಾನ ಜಾಸ್ತಿ. ಕೊಕ್ಕರೆ ರೋಗದ ಲಸೋಟಾ ಲಸಿಕೆ ಸರಿಯಾಗಿ ಹಾಕಿದ್ದೂ ನಿನ್ನೆಗಿಂತ ಇವತ್ತು ಸಾವು ಎರಡು ಪಟ್ಟು, ಮೂರು ಪಟ್ಟು ಆದರೆ ಫೋನ್ ಮಾಡಿ. ನೀವೇ ಕೊಯ್ದು ಒಳಗೆ ನೋಡೋಕೆ ಹೋಗಬೇಡಿ.

ಶೆಡ್ಡು ಮಂಜ, ಗೌರಿಬಿದನೂರು

ಕೊನೇ ಪ್ರಶ್ನೆ ಸರ್. ಮೆಶ್‌ನ ಹರಿದ ಕಡೆ ಹೊಲಿಸಿದೆ, ಬಾಗಿಲಲ್ಲಿ ಔಷಧಿ ತೊಟ್ಟಿ ಇಟ್ಟೆ, ಶೆಡ್ಡಿಗೇ ಬೇರೆ ಚಪ್ಪಲಿ ತಂದೆ. ನೀರು ಮಾತ್ರ ತೆರೆದ ಕೃಷಿಹೊಂಡದಿಂದ ಪಂಪ್ ಮಾಡ್ತೀನಿ. ಬೋರ್‌ವೆಲ್ ಬತ್ತಿ ಹೋಗಿದೆ. ಹೊಂಡಕ್ಕೆ ಬೆಳಗ್ಗೆ ಹೊತ್ತು ಕೊಕ್ಕರೆ, ಸಣ್ಣ ಬಾತು ಇಳೀತವೆ.

ಹೆಬ್ಬಾಳದ ಡಾಕ್ಟ್ರು

ಇಷ್ಟು ಹೊತ್ತು ಇದನ್ನ ಹೇಳದೇ ಇದ್ರಲ್ಲ! ನಿಮ್ಮ ಶೆಡ್ಡಿಗೆ ರೋಗ ಬರೋದಾದ್ರೆ ಇಲ್ಲಿಂದಲೇ. ಹೊಂಡದ ನೀರು ನೇರ ಕೋಳಿ ಕುಡಿಯೋ ನಿಪ್ಪಲ್‌ಗೆ ಹೋಗಲೇಬಾರದು. ಮೊದಲು ಮುಚ್ಚಳ ಇರೋ ಟ್ಯಾಂಕಿಗೆ ಹತ್ತಿಸಿ, ಕೆಸರು ತಳಕ್ಕೆ ಇಳಿಯಲಿ. ಕೆಸರು ನೀರಲ್ಲಿ ಕ್ಲೋರಿನ್ ಕೆಲಸ ಮಾಡಲ್ಲ. ತಿಳಿಯಾದ ಮೇಲೆ ಕ್ಲೋರಿನ್ ಹಾಕಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ಲೈನಿಗೆ ಬಿಡಿ. ನೀರಿನಲ್ಲಿ ಲಸಿಕೆ ಕೊಡೋ ದಿನ ಮಾತ್ರ ಕ್ಲೋರಿನ್ ಬೇಡ, ಲಸಿಕೆಯೇ ಸತ್ತು ಹೋಗುತ್ತೆ. ಹೊಂಡದ ಮೇಲೆ ಹಕ್ಕಿ ಬಲೆ ಎಳೆಯೋಕಾದರೆ ಎಳೀರಿ, ಆದರೆ ದಪ್ಪ ದಾರದ್ದು, ಬಿಗಿಯಾಗಿ. ಸಡಿಲ ಬಲೆಗೆ ಕೊಕ್ಕರೆ ಸಿಕ್ಕಿ ಸತ್ತರೆ ಗದಗದವರು ನಮ್ಮಿಬ್ಬರನ್ನೂ ಬಿಡಲ್ಲ.

ಕೆರೆ ಕಾಯೋನು, ಗದಗ

ಖಂಡಿತ ಬಿಡಲ್ಲ. ಮಂಜಣ್ಣ, ಬಲೆಗೆ ಅಲ್ಲಲ್ಲಿ ಬಿಳಿ ಬಟ್ಟೆ ಚೂರು ಕಟ್ಟಿ, ಹಕ್ಕಿಗೆ ದೂರದಿಂದಲೇ ಕಾಣುತ್ತೆ. ಹಳೇ ಪಂಚೆ ಸಾಕು.